ಕಾಕಂಬಿ ಕಸ ಅಲ್ಲ: ರಮ್ಮಿನ ಬಾಟಲಿಯಲ್ಲಿರೋ ನಮ್ಮ ಕಬ್ಬಿನ ಲೆಕ್ಕ



ಈ ಸಲ ಬರೀತಿರೋದು ರಮ್ಮಿನ ಬಗ್ಗೆ. ಹೌದು, ಕುಡಿಯೋ ರಮ್ಮೇ. ಕೂಳೆ ಕಬ್ಬು, ತರಗು ಹೊದಿಕೆ, ಹನಿ ನೀರಾವರಿ ಅಂತ ಬರೀತಿದ್ದವನಿಗೆ ಇದೇನು ಬಂತು ಅನ್ನಬೇಡಿ. ರಮ್ಮು ಹುಟ್ಟೋದು ಕಬ್ಬಿನಿಂದ, ಬೇರೆ ಯಾವುದರಿಂದಲೂ ಅಲ್ಲ. ದ್ರಾಕ್ಷಿ ಬೆಳೆಯೋನಿಗೆ ವೈನ್ ಗೊತ್ತಿರುತ್ತೆ. ಬಾರ್ಲಿ ಬೆಳೆಯೋ ಸ್ಕಾಟ್ಲೆಂಡಿನವನಿಗೆ ವಿಸ್ಕಿ ಗೊತ್ತಿರುತ್ತೆ. ಕಬ್ಬು ಬೆಳೆಯೋ ನಮಗೆ ಮಾತ್ರ ರಮ್ಮು ಅಂದ್ರೆ ಬಾರಿನ ಕೌಂಟರಿನಲ್ಲಿ ಸಿಗೋ ಒಂದು ಕ್ವಾರ್ಟರ್, ಅಷ್ಟೇ. ಈ ಅಜ್ಞಾನ ಯಾರಿಗೆ ಲಾಭ ಮಾಡಿಕೊಟ್ಟಿದೆ ಅನ್ನೋದೇ ಇವತ್ತಿನ ವಿಷಯ.

ನಾನು ಹೇಳೋದು ಒಂದೇ ಮಾತು. "ಕಾಕಂಬಿ ಅಂದ್ರೆ ಕಸ" ಅನ್ನೋದು ಮುನ್ನೂರೈವತ್ತು ವರ್ಷಕ್ಕೂ ಹಳೇ ಸುಳ್ಳು. ಆ ಸುಳ್ಳನ್ನು ನಂಬಿದ ಕಡೆಯಲ್ಲೆಲ್ಲ ಕಬ್ಬು ಕಡಿದವನು ಬಡವನಾಗೇ ಉಳಿದ. ನಂಬದೆ ಎದ್ದು ನಿಂತವರು ಬೇರೆ ಏನೋ ಆದರು.

ಒಂದು ಕಾರ್ಖಾನೆಯ ಕಬ್ಬಿನ ಆಫೀಸಿನಲ್ಲಿ (ಹೆಸರು ಬೇಡ, ಎಲ್ಲಾ ಕಡೆ ಇದೇ ಕಥೆ) ನಾನು ಒಮ್ಮೆ ಕೇಳಿದ್ದೆ, "ಸ್ವಾಮಿ, ಈ ಹಂಗಾಮಿನಲ್ಲಿ ಕಾಕಂಬಿ ಎಷ್ಟು ಬಂತು?" ಅಂತ. "ಅದು ವೇಸ್ಟು ಕಣ್ರೀ, ಅದರ ಲೆಕ್ಕ ನಿಮಗ್ಯಾಕೆ?" ಅಂದ್ರು. ಅದೇ ಹೊತ್ತಿಗೆ ಆಚೆ ಗೇಟಿನಲ್ಲಿ ಆ ವೇಸ್ಟನ್ನು ತುಂಬಿಕೊಂಡು ಟ್ಯಾಂಕರುಗಳು ಸಾಲಾಗಿ ಹೋಗ್ತಿದ್ದವು. ಕಸಕ್ಕೆ ಯಾರಾದ್ರೂ ಟ್ಯಾಂಕರ್ ಬಾಡಿಗೆ ಕೊಡ್ತಾರಾ?

ಮೊದಲು ಲೆಕ್ಕ

ಒಂದು ಟನ್ ಕಬ್ಬು ಅರೆದರೆ, ಸಕ್ಕರೆ ಪೂರ್ತಿ ತೆಗೆದ ಮೇಲೆ ಉಳಿಯೋ ಕಾಕಂಬಿ ಸುಮಾರು 40ರಿಂದ 45 ಕೆ.ಜಿ. ಇದನ್ನೇ ಅವರು ಸಿ-ಹೆವಿ ಅಂತಾರೆ. ಒಂದು ಟನ್ ಕಾಕಂಬಿಗೆ 220 ಲೀಟರಿನ ಆಸುಪಾಸು ಸ್ಪಿರಿಟ್ಟು ಇಳಿಯುತ್ತೆ. ಅಂದ್ರೆ ನಮ್ಮ ಒಂದು ಟನ್ ಕಬ್ಬಿನ "ಕಸ"ದಲ್ಲಿ ಹತ್ತು ಲೀಟರ್ ಹತ್ತಿರ ಸ್ಪಿರಿಟ್ಟಿದೆ. ನಮ್ಮ ದೇಶದಲ್ಲಿ ರಮ್ಮು ಮಾರೋದು 42.8 ಪರ್ಸೆಂಟಿನಲ್ಲಿ. ಆ ಹದಕ್ಕೆ ನೀರು ಬೆರೆಸಿದರೆ 750 ಮಿಲಿಯ ಫುಲ್ ಬಾಟಲಿ ಹೆಚ್ಚುಕಮ್ಮಿ 30 ಆಗುತ್ತೆ. ಎಕರೆಗೆ 40 ಟನ್ ತೆಗೆಯೋನ ಗದ್ದೆಯಿಂದ 1,200 ಬಾಟಲಿ. ಸಕ್ಕರೆ ಬೇರೆ, ಬಗಾಸೆಯಿಂದ ಬರೋ ಕರೆಂಟು ಬೇರೆ.

ರಮ್ಮು ಬಿಡಿ, ಇವತ್ತು ಕಾಕಂಬಿ ಬಹುಪಾಲು ಹೋಗೋದು ಪೆಟ್ರೋಲಿಗೆ ಬೆರೆಸೋ ಎಥನಾಲಿಗೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಿ-ಹೆವಿ ಕಾಕಂಬಿಯ ಎಥನಾಲಿಗೆ ಲೀಟರಿಗೆ 57.97 ರೂಪಾಯಿ ಮಾಡಿತು. ಹತ್ತು ಲೀಟರಿಗೆ 580 ರೂಪಾಯಿ. ಟನ್ನಿಗೆ 580, ಎಕರೆಗೆ 23 ಸಾವಿರ. ಇಳಿಸೋ ಖರ್ಚು ಇದೆ, ಅದನ್ನು ಕಳೀಬೇಕು, ನಾನೇನು ಇಲ್ಲ ಅನ್ನಲ್ಲ. ಆದ್ರೆ ಇದು ಕಸ ಅಂತೂ ಅಲ್ಲ.

ಈಗ ನಮ್ಮ ಚೀಟಿ ನೋಡಿ. 2025-26ರ ಎಫ್‌ಆರ್‌ಪಿ 10.25 ರಿಕವರಿಗೆ ಟನ್ನಿಗೆ 3,550. ರಿಕವರಿ 9.5 ಅಥವಾ ಅದಕ್ಕಿಂತ ಕೆಳಗಿದ್ದರೆ 3,290 ರೂಪಾಯಿ 50 ಪೈಸೆ. ರಿಕವರಿ ಅಂದ್ರೆ ಏನು? ಸಕ್ಕರೆ. ಬರೀ ಸಕ್ಕರೆ. ಕಾಕಂಬಿ ಅನ್ನೋ ಪದ ನಮ್ಮ ಚೀಟಿಯಲ್ಲಿ ಎಲ್ಲೂ ಬರಲ್ಲ.

ಸುಳ್ಳು ಹುಟ್ಟಿದ ಜಾಗ

ರಮ್ಮಿನ ಕಥೆ ಶುರುವಾಗೋದು ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ. ನಮ್ಮ ಒಂದು ತಾಲ್ಲೂಕಿನಷ್ಟು ಜಾಗ. 1640ರ ದಶಕದಲ್ಲಿ ಅಲ್ಲಿನ ಇಂಗ್ಲಿಷ್ ಜಮೀನ್ದಾರರು ತಂಬಾಕು ಬಿಟ್ಟು ಕಬ್ಬಿಗೆ ಬಿದ್ದರು. ಸಕ್ಕರೆ ಹಡಗು ಹತ್ತಿ ಹೋಗ್ತಿತ್ತು, ಕಾಕಂಬಿ ಉಳೀತಿತ್ತು. ದನಕ್ಕೆ ಹಾಕಿದರು, ಗುಲಾಮರಿಗೆ ಕೊಟ್ಟರು, ಮಿಕ್ಕಿದ್ದು ಚೆಲ್ಲಿದರು. ಬಿಸಿಲಿನ ನಾಡು, ಸಿಹಿ ನೀರು ತಾನಾಗೇ ಹುದುಗು ಬರುತ್ತೆ. ಆಲೆಮನೆಯ ಕೊಪ್ಪರಿಗೆ ತೊಳೆದ ನೀರು ಎರಡು ದಿನ ನಿಂತರೆ ಏನು ವಾಸನೆ ಬರುತ್ತೆ ಅಂತ ನಿಮಗೆ ಗೊತ್ತು. ಅದನ್ನು ಭಟ್ಟಿಗೆ ಹಾಕಿ ಇಳಿಸಿದರು. ಆ ಕಾಲದ ಬರಹಗಳಲ್ಲಿ ಅದಕ್ಕೆ "ದೆವ್ವವನ್ನು ಕೊಲ್ಲೋದು" ಅನ್ನೋ ಹೆಸರಿದೆ. ಅಷ್ಟು ಖಾರ, ಅಷ್ಟು ಒರಟು.

ಆ ಕಸದಿಂದ ಒಂದು ಸಾಮ್ರಾಜ್ಯದ ವ್ಯಾಪಾರ ನಡೀತು. ಕಾಕಂಬಿ ಅಮೆರಿಕದ ಕಡಲ ತೀರಕ್ಕೆ ಹೋಗಿ ಅಲ್ಲಿ ರಮ್ಮಾಯ್ತು. ರೋಡ್ ಐಲೆಂಡಿನ ನ್ಯೂಪೋರ್ಟಿನಿಂದ ಆ ರಮ್ಮು ಪೀಪಾಯಿ ಪೀಪಾಯಿ ಆಫ್ರಿಕಾದ ಪಶ್ಚಿಮ ತೀರಕ್ಕೆ ಹೋಯ್ತು. ಅಲ್ಲಿ ರಮ್ಮು ಕೊಟ್ಟು ಮನುಷ್ಯರನ್ನು ಕೊಂಡರು. ಆ ಮನುಷ್ಯರನ್ನು ತಂದು ಮತ್ತೆ ಕಬ್ಬಿನ ಗದ್ದೆಗೆ ಹಾಕಿದರು. ಅಂದ್ರೆ ಕಬ್ಬು ಕಡಿದವನ ಬೆವರಿನಿಂದ ಬಂದ ರಮ್ಮಿನಿಂದಲೇ ಇನ್ನೊಬ್ಬ ಕಬ್ಬು ಕಡಿಯೋನನ್ನು ಖರೀದಿ ಮಾಡಿದರು. ಅವನಿಗೆ ಕೂಲಿ ಇಲ್ಲ, ಸಂಜೆಗೆ ಒಂದಿಷ್ಟು ರಮ್ಮು. ಕುಡಿಸಿ ದುಡಿಸೋದು ನಮ್ಮ ಕಡೆ ಹುಟ್ಟಿದ ವಿದ್ಯೆ ಅಲ್ಲ ಕಣ್ರಪ್ಪ, ಅದು ಅಲ್ಲಿನ ಪಾಠ. ಬ್ರಿಟಿಷ್ ನೌಕಾಪಡೆಯಲ್ಲೂ ಅದೇ, ನಾವಿಕರಿಗೆ ದಿನಕ್ಕಿಷ್ಟು ಅಂತ ರಮ್ಮಿನ ಪಡಿ. 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ನೀರು ಬೆರೆಸಿ ಕೊಡಿ ಅಂತ ಆರ್ಡರ್ ಮಾಡಿದ. ಆ ಪಡಿ ನಿಂತಿದ್ದು 1970ರ ಜುಲೈ 31ಕ್ಕೆ.

ಇನ್ನು ಅಮೆರಿಕದವರನ್ನು ನೋಡಿ. ಬ್ರಿಟಿಷರು 1733ರಲ್ಲಿ ಹೊರಗಿನಿಂದ ಬರೋ ಕಾಕಂಬಿಗೆ ಗ್ಯಾಲನ್ನಿಗೆ ಆರು ಪೆನ್ಸ್ ತೆರಿಗೆ ಹಾಕಿದರು. ಇವರು ಕಳ್ಳ ಸಾಗಣೆ ಮಾಡಿದರು. 1764ರಲ್ಲಿ ಮೂರು ಪೆನ್ಸಿಗೆ ಇಳಿಸಿ, ಆದ್ರೆ ಬಿಗಿಯಾಗಿ ವಸೂಲಿಗೆ ನಿಂತರು. ಊರೂರಲ್ಲಿ ಜನ ತಿರುಗಿಬಿದ್ದರು. ಮುಂದೆ ಆ ದೇಶದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್, ವಯಸ್ಸಾದ ಮೇಲೆ ಬರೆದ ಒಂದು ಕಾಗದದಲ್ಲಿ, ಅಮೆರಿಕದ ಸ್ವಾತಂತ್ರ್ಯಕ್ಕೆ ಕಾಕಂಬಿಯೂ ಒಂದು ಮುಖ್ಯ ಕಾರಣ, ಇದನ್ನು ಹೇಳೋಕೆ ನಾಚಿಕೆ ಯಾಕೆ ಅನ್ನೋ ಅರ್ಥದಲ್ಲಿ ಹೇಳಿದ್ದಾನೆ. ಕಾಕಂಬಿಯ ತೆರಿಗೆಗಾಗಿ ಒಂದು ದೇಶ ದೊರೆಯ ಮೇಲೆ ಎದ್ದು ನಿಂತಿತು. ನಮ್ಮ ಕಣ್ಣೆದುರೇ ಟ್ಯಾಂಕರ್ ಹೋಗುತ್ತೆ, ನಾವು ಟೀ ಕುಡೀತಾ ನೋಡ್ತಾ ಕೂತಿರ್ತೀವಿ.

ಇದರಲ್ಲಿ ನಮ್ಮವರ ಬೆವರೂ ಇದೆ

ಗುಲಾಮಗಿರಿ ನಿಂತ ಮೇಲೆ ಕಬ್ಬು ಕಡಿಯೋರು ಬೇಕಲ್ಲ? ನಮ್ಮ ದೇಶದಿಂದ ಕರಾರು ಕೂಲಿಗಳನ್ನು ತುಂಬಿಕೊಂಡು ಹೋದರು. ಮೊದಲ ಹಡಗು ಬ್ರಿಟಿಷ್ ಗಯಾನಾ ಮುಟ್ಟಿದ್ದು 1838ರ ಮೇ 5ಕ್ಕೆ. 1917ರ ತನಕ ಅಲ್ಲಿಗೆ ಹೋದವರು 2 ಲಕ್ಷ 38 ಸಾವಿರಕ್ಕೂ ಹೆಚ್ಚು. ಬಹಳಷ್ಟು ಜನ ಈಗಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. ಡೆಮೆರಾರಾ ರಮ್ಮು ಅಂತ ಇವತ್ತು ಜಗತ್ತಿನಲ್ಲಿ ಹೆಸರಾಗಿದೆಯಲ್ಲ, ಅದರ ಕಬ್ಬು ನೆಟ್ಟು ಕಡಿದು ಹೊತ್ತ ಕೈಗಳು ಇವರವು. ಅಲ್ಲಿನ ಪೋರ್ಟ್ ಮೌರಂಟ್ ಕಬ್ಬಿನ ಎಸ್ಟೇಟಿನ ಮರದ ಭಟ್ಟಿ ಈಗಲೂ ಡೈಮಂಡ್ ಡಿಸ್ಟಿಲರಿಯಲ್ಲಿ ಕೆಲಸ ಮಾಡುತ್ತೆ. ಕ್ರಿಕೆಟ್ ನೋಡೋ ಹಿರಿಯರಿಗೆ ಈ ಊರು ಗೊತ್ತಿರುತ್ತೆ, ರೋಹನ್ ಕನ್ಹಾಯ್ ಆ ಊರಿನವರೇ. ನಮ್ಮ ಗವಾಸ್ಕರ್ ಮಗನಿಗೆ ಅವರ ಹೆಸರನ್ನೇ ಇಟ್ಟರು. ಆ ಭಟ್ಟಿಯಿಂದ ಇಳಿದ ರಮ್ಮಿನ ಹಳೇ ಬಾಟಲಿಗಳು ಇವತ್ತು ಯುರೋಪಿನಲ್ಲಿ ಚಿನ್ನದ ಬೆಲೆಗೆ ಹೋಗ್ತವೆ. ಕಡಿದವರ ಹೆಸರು ಲೇಬಲ್ಲಿನ ಮೇಲೆ ಇಲ್ಲ.

ಇಳಿಸೋದಕ್ಕೂ ಮುಂಚೆ, ಬೆಲ್ಲದಿಂದ ಮದ್ಯ ಮಾಡೋದು ಈ ನೆಲಕ್ಕೆ ಹೊಸದೇನಲ್ಲ. ಹಳೇ ಸಂಸ್ಕೃತ ಗ್ರಂಥಗಳಲ್ಲಿ "ಗೌಡಿ" ಅಂತ ಬರುತ್ತೆ. ಗುಡ ಅಂದ್ರೆ ಬೆಲ್ಲ, ಬೆಲ್ಲದಿಂದ ಆದದ್ದು ಗೌಡಿ. (ನಮ್ಮ ಗೌಡರಿಗೂ ಇದಕ್ಕೂ ಸಂಬಂಧ ಇಲ್ಲ, ನಗಬೇಡಿ.) ಮನುಸ್ಮೃತಿಯಲ್ಲಿ ಮೂರು ಬಗೆಯ ಸುರೆ ಲೆಕ್ಕ ಹಾಕುವಾಗ ಇದೂ ಒಂದು. ಕುಡೀಬೇಡಿ ಅನ್ನೋದಕ್ಕೇ ಹೆಸರು ಬರೆದಿದ್ದಾರೆ ಅಂದ್ರೆ ಕುಡೀತಿದ್ದರು ಅಂತಲೇ ಅರ್ಥ.

ನಮ್ಮ ಮಂಡ್ಯಕ್ಕೆ ಬನ್ನಿ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಸಾಹೇಬರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯ್ತು. ಅದಕ್ಕೆ ಡಿಸ್ಟಿಲರಿಯೂ ಇತ್ತು. ಅಂದ್ರೆ ಕಾಕಂಬಿ ಕಸ ಅಲ್ಲ ಅಂತ ಅವತ್ತಿನ ಸರ್ಕಾರಕ್ಕೇ ಗೊತ್ತಿತ್ತು. ಗೊತ್ತಿಲ್ಲದಂತೆ ಇಟ್ಟಿದ್ದು ನಮ್ಮನ್ನು ಮಾತ್ರ. ಮುಂದೆ ಊರೂರಲ್ಲಿ ಸಾರಾಯಿ ಪ್ಯಾಕೆಟ್ ಬಂತು. ಅದೂ ಕಾಕಂಬಿ ಸ್ಪಿರಿಟ್ಟೇ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಹೆಂಗಸರ ಕಣ್ಣೀರು ನೋಡಿದವರು ಅದನ್ನು ತಪ್ಪು ಅನ್ನಲ್ಲ, ನಾನೂ ಅನ್ನಲ್ಲ. ಆದ್ರೆ ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ ಹೋಗಿ ಲೇಬಲ್ ಇರೋ ಬಾಟಲಿ ಬಂತು, ರೇಟು ಜಾಸ್ತಿ ಆಯ್ತು, ಅಬಕಾರಿ ಆದಾಯ ಬೆಳೀತು.

ನಾವು ಕುಡೀತಿರೋದಾದ್ರೂ ಏನು?

"ನಾನು ರಮ್ಮು ಮುಟ್ಟಲ್ಲ, ವಿಸ್ಕಿ ಮಾತ್ರ" ಅನ್ನೋ ದೊಡ್ಡಸ್ತಿಕೆ ನಮ್ಮ ಕಡೆ ಬಹಳ. ಅಣ್ಣ, ನಮ್ಮ ಕಡಿಮೆ ರೇಟಿನ ವಿಸ್ಕಿಗಳಲ್ಲಿ ಎಷ್ಟೋ ವರ್ಷ ಇದ್ದದ್ದು ಕಾಕಂಬಿ ಸ್ಪಿರಿಟ್ಟು, ಮೇಲೊಂದಿಷ್ಟು ಮಾಲ್ಟು, ಬಣ್ಣ. ಈಗೀಗ ಮೆಕ್ಕೆಜೋಳ, ನುಚ್ಚಕ್ಕಿಯ ಸ್ಪಿರಿಟ್ಟೂ ಬಂದಿದೆ. ಯುರೋಪಿನ ಕಾನೂನಿನಲ್ಲಿ ವಿಸ್ಕಿ ಅಂದ್ರೆ ಧಾನ್ಯದಿಂದಲೇ ಆಗಬೇಕು, ಹಾಗಾಗಿ ಕಾಕಂಬಿಯ ವಿಸ್ಕಿಯನ್ನು ಅಲ್ಲಿ ವಿಸ್ಕಿ ಅಂತ ಮಾರೋ ಹಾಗಿಲ್ಲ. ವಿಸ್ಕಿ ಅಂತ ಮೀಸೆ ತಿರುವಿದವನೂ ಕುಡಿದಿದ್ದು ಪಕ್ಕದ ಗದ್ದೆಯ ಕಬ್ಬನ್ನೇ.

ಒಳ್ಳೇ ರಮ್ಮು ಬೇರೆ. ಸ್ಪಿರಿಟ್ಟನ್ನು ಪೂರ್ತಿ ಶುದ್ಧ ಮಾಡಿಬಿಟ್ಟರೆ ಕಬ್ಬಿನ ಗುರುತೇ ಹೋಗುತ್ತೆ. ಆಮೇಲೆ ಬಣ್ಣ, ಸುವಾಸನೆ ಹಾಕಬೇಕು. ಗುರುತು ಉಳಿಸಿಕೊಂಡು ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಮಾತ್ರ ಅದಕ್ಕೊಂದು ಹದ ಬರುತ್ತೆ. ನಮ್ಮ ಸೆಕೆಗೆ ಆ ಹದ ಬೇಗ ಬರುತ್ತೆ, ಹಾಗೇ ಆವಿಯಾಗಿ ಹೋಗೋದೂ ಹೆಚ್ಚು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಪಾಲು ಹೋದರೆ ಬೆಂಗಳೂರಿನಲ್ಲಿ ಹತ್ತು ಪಾಲಿಗೂ ಮೇಲೆ ಹೋಗುತ್ತೆ. 1954ರಲ್ಲಿ ಬಂದ ಓಲ್ಡ್ ಮಾಂಕ್ ದೊಡ್ಡ ಜಾಹೀರಾತಿಲ್ಲದೆ ಇಷ್ಟು ವರ್ಷ ನಿಂತಿದ್ದು ಆ ಹದದ ಮೇಲೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು ವೆಸ್ಟ್ ಇಂಡೀಸಿನ ರಮ್ಮಿಗೆ ಇಲ್ಲಿನ ಬೆಲ್ಲದ ರಮ್ಮು ಬೆರೆಸಿ "ಟೂ ಇಂಡೀಸ್" ಅಂತ ಮಾಡಿದರು. ಹರಿಯಾಣದವರು ಕಬ್ಬಿನ ಹಾಲಿನಿಂದಲೇ "ಕಾಮಿಕಾರಾ" ಮಾಡಿದರು. ಈಚೆಗೆ ನಂಜನಗೂಡು ಕಡೆಯಿಂದ ಬೆಲ್ಲದಿಂದಲೇ ಇಳಿಸಿದ "ಹುಲಿ" ಬಂದಿದೆ. ಅಂದ್ರೆ ಬೆಲ್ಲಕ್ಕೆ, ಕಬ್ಬಿನ ಹಾಲಿಗೆ ಈ ದಾರಿಯೂ ಇದೆ ಅಂತಾಯ್ತು.

ರುಚಿ ನೋಡೋರಿಗೆ ಒಂದು ಮಾತು. ಕೋಲಾ ಸುರಿದು ಒಂದೇ ಗುಟುಕಿಗೆ ಎತ್ತೋದು ಕುಡಿಯೋದಲ್ಲ, ನುಂಗೋದು. ಮೂವತ್ತು ಮಿಲಿ ಹಾಕಿ, ಎರಡು ಚಮಚ ನೀರು ಬೆರೆಸಿ, ಮೊದಲು ಮೂಸಿ ನೋಡಿ. ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗೋ ಹೊತ್ತಿನ ವಾಸನೆ, ಸ್ವಲ್ಪ ಸೀದ ಬೆಲ್ಲ, ಮಾಗಿದ ಬಾಳೆಹಣ್ಣು, ಒಣ ಮರ. ಆ ವಾಸನೆ ಹಿಡಿಯೋಕೆ ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ? ನಾವು ಆಲೆಮನೆಯಲ್ಲೇ ಬೆಳೆದವರು. ಹಂಗಂತ ಆಲೆಮನೆ ಹಿಂದೆ ಭಟ್ಟಿ ಹಾಕೋಕೆ ಹೋಗಬೇಡಿ. ಅದು ಅಪರಾಧ, ಕಣ್ಣೂ ಹೋಗಬಹುದು, ಪ್ರಾಣವೂ ಹೋಗಬಹುದು. ಕುಡಿಯದವರು ಕುಡಿಯೋದೇ ಬೇಡ. ಕುಡಿದು ಮನೆ ಹಾಳು ಮಾಡೋನಿಗೆ ಈ ಬರಹ ನೆಪ ಆಗೋದೂ ಬೇಡ.

ಹೆಸರು ಉಳಿಸಿಕೊಂಡವರು

ಮಾರ್ಟಿನಿಕ್ ಅಂತ ಫ್ರೆಂಚರ ಒಂದು ದ್ವೀಪ. ಯುರೋಪಿನಲ್ಲಿ ಬೀಟ್‌ರೂಟಿನಿಂದ ಸಕ್ಕರೆ ಬಂದು ಕಬ್ಬಿನ ಸಕ್ಕರೆ ರೇಟು ಬಿದ್ದು ಹೋದಾಗ ಅವರು ಕಬ್ಬಿನ ಹಾಲನ್ನೇ ನೇರವಾಗಿ ಭಟ್ಟಿಗೆ ಹಾಕಿದರು. ಆ ರಮ್ಮಿಗೆ ಇಟ್ಟ ಹೆಸರೇ "ಬೇಸಾಯದ ರಮ್ಮು" ಅನ್ನೋ ಅರ್ಥದ್ದು. 1996ರಲ್ಲಿ ಅದಕ್ಕೆ ಊರಿನ ಹೆಸರಿನ ಕಾನೂನು ರಕ್ಷಣೆ ಸಿಕ್ಕಿತು. ಯಾವ ಜಮೀನಿನ ಕಬ್ಬು, ಹಾಲಿನಲ್ಲಿ ಕನಿಷ್ಠ ಎಷ್ಟು ಬ್ರಿಕ್ಸ್ ಇರಬೇಕು, ಯಾವ ತಿಂಗಳಲ್ಲಿ ಕಟಾವು, ಎಲ್ಲಾ ಬರಹದಲ್ಲಿದೆ. ಅಲ್ಲಿ ದೊಡ್ಡ ಜಮೀನ್ದಾರರ ಹಿಡಿತ ಇಲ್ಲ ಅಂತೇನಲ್ಲ. ಆದ್ರೆ ಬಾಟಲಿಯಿಂದ ಗದ್ದೆಯ ತನಕ ಗೆರೆ ಎಳೆದಿದ್ದಾರೆ. ನಮ್ಮಲ್ಲಿ ಆ ಗೆರೆ ಕಾರ್ಖಾನೆ ಗೇಟಿನಲ್ಲೇ ಅಳಿಸಿ ಹೋಗುತ್ತೆ. ವಿ.ಸಿ. ಫಾರ್ಮಿನವರು ವಿಸಿಎಫ್ 0517 ಅಂತ ತಳಿ ಕೊಟ್ಟರು, ನಾವು ಬೆಳೆದ್ವಿ. ಅದರ ಕಾಕಂಬಿ ಯಾವ ಬಾಟಲಿ ಸೇರಿತು ಅಂತ ಯಾರಾದ್ರೂ ಹೇಳಬಲ್ಲರಾ?

"ಅದೆಲ್ಲಾ ಎಫ್‌ಆರ್‌ಪಿಯಲ್ಲೇ ಸೇರಿದೆ" ಅನ್ನೋರಿಗೆ

ಕಾರ್ಖಾನೆಯವರ ಉತ್ತರ ನನಗೂ ಗೊತ್ತು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ, ದರ ನಿಗದಿ ಮಾಡುವಾಗ ಕಾಕಂಬಿ, ಬಗಾಸೆ, ಪ್ರೆಸ್‌ಮಡ್ಡಿನ ಆದಾಯವನ್ನೂ ನೋಡಬೇಕು ಅಂತಿದೆ. ಸರಿ, ನೋಡಿದರು. ಆದ್ರೆ ಎಷ್ಟು ಸೇರಿಸಿದರು ಅನ್ನೋದು ನಮ್ಮ ಚೀಟಿಯಲ್ಲಿ ಎಲ್ಲಿದೆ?

2012ರಲ್ಲಿ ರಂಗರಾಜನ್ ಸಮಿತಿ ಸ್ಪಷ್ಟವಾಗಿ ಹೇಳಿತು: ಸಕ್ಕರೆ ಮತ್ತು ಉಪ ಉತ್ಪನ್ನ ಎರಡರ ಆದಾಯದಲ್ಲಿ 70 ಪಾಲು ರೈತನಿಗೆ, ಇಲ್ಲಾ ಅಂದ್ರೆ ಬರೀ ಸಕ್ಕರೆಯ ಬೆಲೆಯಲ್ಲಿ 75 ಪಾಲು. ಆಮೇಲೆ 2013ರಲ್ಲಿ ನಮ್ಮ ರಾಜ್ಯದಲ್ಲೂ ಕಬ್ಬು ಖರೀದಿಗೆ ಕಾಯ್ದೆ ಬಂತು, ಮಂಡಳಿ ಬಂತು. ಕೇಳೋಕೆ ಚೆನ್ನಾಗಿದೆ. ಮೋಸ ಇರೋದು ಒಂದೇ ಕಡೆ. ಆ ಲೆಕ್ಕದಲ್ಲಿ ಉಪ ಉತ್ಪನ್ನ ಅಂದ್ರೆ ಕಾಕಂಬಿ ಅಷ್ಟೇ, ಅದರಿಂದ ಇಳಿಸಿದ ಸ್ಪಿರಿಟ್ಟಲ್ಲ. ಕಾರ್ಖಾನೆಗೆ ತನ್ನದೇ ಡಿಸ್ಟಿಲರಿ ಇದ್ದರೆ ಕಾಕಂಬಿ ಮಾರೋನೂ ಅವನೇ, ಕೊಳ್ಳೋನೂ ಅವನೇ. ಬಲಗೈಯಿಂದ ಎಡಗೈಗೆ ಹಾಕಿ, ರೇಟು ತನ್ನ ಪುಸ್ತಕದಲ್ಲಿ ತಾನೇ ಬರೀತಾನೆ. ಕಾಕಂಬಿಗೆ ಕಮ್ಮಿ ಬರೆದರೆ ನಮ್ಮ 70 ಪಾಲೂ ಕಮ್ಮಿ. ಲಾಭ ಪಕ್ಕದ ಶೆಡ್ಡಿನಲ್ಲಿ ತೋರಿಸುತ್ತೆ, ಆ ಶೆಡ್ಡಿಗೆ ನಮಗೆ ಪ್ರವೇಶ ಇಲ್ಲ.

ಬಿ-ಹೆವಿ ಅಂತ ಇನ್ನೊಂದಿದೆ. ಸಕ್ಕರೆಯನ್ನು ಪೂರ್ತಿ ತೆಗೆಯದೆ ಕಾಕಂಬಿಯಲ್ಲೇ ಒಂದಿಷ್ಟು ಬಿಟ್ಟು ಎಥನಾಲಿಗೆ ಕಳಿಸೋದು. ಅದಕ್ಕೆ ರೇಟೂ ಜಾಸ್ತಿ, ಲೀಟರಿಗೆ 60.73. ಚೀಲಕ್ಕೆ ಬರೋ ಸಕ್ಕರೆ ಆಗ ಕಮ್ಮಿ. ಕಾಕಂಬಿಗೆ ಬಿಟ್ಟ ಸಕ್ಕರೆಯನ್ನು ರಿಕವರಿಗೆ ವಾಪಸ್ ಸೇರಿಸಬೇಕು. ಸೇರಿಸಿದ್ದಾರಾ ಇಲ್ವಾ ಅಂತ ನೋಡೋನು ಯಾರು?

ಕೊನೇದು, ಮಣ್ಣಿನ ಲೆಕ್ಕ. ಕಬ್ಬು ನಮ್ಮ ಭೂಮಿಯಿಂದ ಎಳೆದ ಪೊಟ್ಯಾಷ್ ಬಹಳಷ್ಟು ಕಾಕಂಬಿಗೆ ಹೋಗುತ್ತೆ. ಒಂದು ಲೀಟರ್ ಸ್ಪಿರಿಟ್ಟು ಇಳಿಸಿದರೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತೆ, ಪೊಟ್ಯಾಷ್ ಅದರಲ್ಲಿರುತ್ತೆ. ಅದನ್ನು ಸುಟ್ಟ ಬೂದಿಯನ್ನು 14.5 ಪರ್ಸೆಂಟ್ ಪೊಟ್ಯಾಷ್ ಗೊಬ್ಬರ ಅಂತ ಚೀಲಕ್ಕೆ ತುಂಬಿ ಮಾರ್ತಾರೆ. ನಮ್ಮ ಮಣ್ಣನ್ನು ನಮಗೇ ಮಾರೋದು. ಡಿಸ್ಟಿಲರಿ ಪಕ್ಕದ ಊರಿನವರಿಗೆ ವಾಸನೆ ಮಾತ್ರ ಫ್ರೀ.

ಕೇಳಬೇಕಾದ್ದು ಇಷ್ಟು

ಮುಂದಿನ ಸಭೆಗೆ ಹೋಗುವಾಗ ಟನ್ನಿನ ರೇಟಿನ ಜೊತೆ ಈ ನಾಲ್ಕನ್ನೂ ಬರೆದುಕೊಂಡು ಹೋಗಿ.

1. ಪ್ರತಿ ಹಂಗಾಮಿನಲ್ಲಿ ಎಷ್ಟು ಕಾಕಂಬಿ ಬಂತು, ಸಿ-ಹೆವಿ ಎಷ್ಟು, ಬಿ-ಹೆವಿ ಎಷ್ಟು, ಯಾವ ರೇಟಿಗೆ ಹೋಯ್ತು ಅಂತ ಕಾರ್ಖಾನೆ ಗೇಟಿನ ಬೋರ್ಡಿನ ಮೇಲೆ ಬರೀಬೇಕು.

2. ಸ್ವಂತ ಡಿಸ್ಟಿಲರಿ ಇರೋ ಕಾರ್ಖಾನೆಗಳಲ್ಲಿ ಕಾಕಂಬಿ ಬೆಲೆ ಅವರು ಬರೆದದ್ದಲ್ಲ, ಹೊರಗಿನ ಮಾರುಕಟ್ಟೆ ಬೆಲೆಯೇ ಲೆಕ್ಕಕ್ಕೆ ಬರಬೇಕು. ಸ್ಪಿರಿಟ್ಟಿನ ಲಾಭದಲ್ಲೂ ಪಾಲು ಬರಬೇಕು.

3. ಆ ಬೂದಿಯ ಪೊಟ್ಯಾಷ್ ಕಬ್ಬು ಕೊಟ್ಟ ರೈತನಿಗೆ ಟನ್ನಿಗಿಷ್ಟು ಅಂತ ವಾಪಸ್ ಬರಬೇಕು.

4. ಬೆಲ್ಲದಿಂದ, ಕಬ್ಬಿನ ಹಾಲಿನಿಂದ ರಮ್ಮು ಇಳಿಸೋ ಸಣ್ಣ ಡಿಸ್ಟಿಲರಿಗಳಿಗೆ ರೈತ ಕಂಪನಿಗಳೂ ಅರ್ಜಿ ಹಾಕೋ ಹಾಗಾಗಬೇಕು. ಬಾಟಲಿ ಮೇಲೆ ಊರಿನ ಹೆಸರಿರಬೇಕು.

ಕುಡಿಯೋ ವಿಷಯ ಸಭೆಯಲ್ಲಿ ಹೆಂಗಪ್ಪಾ ಎತ್ತೋದು ಅನ್ನೋ ನಾಚಿಕೆ ಬೇಡ. ಬಾಟಲಿಯ ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆ ಅಂತ ತಗೊಳ್ಳೋ ಸರ್ಕಾರಕ್ಕೆ ನಾಚಿಕೆ ಇಲ್ಲ, ಇಳಿಸಿ ಮಾರೋನಿಗೆ ಇಲ್ಲ. ಬೆಳೆದು ಕೊಟ್ಟ ನಮಗ್ಯಾಕೆ?

ಕಟಿಂಗ್ ಆರ್ಡರ್ ಬಂದವರು ತೂಕದ ಚೀಟಿ, ರಿಕವರಿ ಚೀಟಿ ಜೋಪಾನ ಮಾಡಿ ಇಟ್ಟುಕೊಳ್ಳಿ. ನಿಮ್ಮ ಕಾರ್ಖಾನೆಯ ಕಾಕಂಬಿ ಲೆಕ್ಕ ಯಾರಿಗಾದ್ರೂ ಸಿಕ್ಕಿದ್ರೆ ನನಗೂ ಕಳಿಸಿ, ಎಲ್ಲರದನ್ನೂ ಒಂದೇ ಪಟ್ಟಿ ಮಾಡಿ ಇಲ್ಲೇ ಹಾಕ್ತೀನಿ.